ಡಯಲ್ ಒಂದು ಲೀಟರ್ ತೋರಿಸುತ್ತದೆ, ವರ್ಟ್‌ಗೆ ನಿಜವಾಗಿ ಎಷ್ಟು ಆಕ್ಸಿಜನ್ ಹೋಗುತ್ತಿದೆ?

ನಿಟ್ಟುವಳ್ಳಿ_ಡೆನ್ವರ್

ಎಲ್ಲರಿಗೂ ನಮಸ್ಕಾರ. ನಾನು ದಾವಣಗೆರೆ ನಿಟ್ಟುವಳ್ಳಿಯವನು. ಆರು ವರ್ಷದಿಂದ ಅಮೆರಿಕದ ಡೆನ್ವರ್‌ನಲ್ಲಿದ್ದೇನೆ. ಇಲ್ಲಿ ಮನೆಯಲ್ಲೇ ಬಿಯರ್ ಮಾಡುವ ಹವ್ಯಾಸ ಹತ್ತಿಕೊಂಡಿದೆ. ಆದರೆ ನನ್ನ ಪ್ರಶ್ನೆ ಬಿಯರ್ ಬಗ್ಗೆ ಅಲ್ಲ, ಆಕ್ಸಿಜನ್ ಬಗ್ಗೆ. ಇಲ್ಲಿನ ಗೆಳೆಯರನ್ನು ಕೇಳಿದರೆ "ಒಂದು ನಿಮಿಷ ಬಿಡು, ಸಾಕು" ಅನ್ನುತ್ತಾರೆ. ನಮ್ಮ ಗುಂಪಿನಲ್ಲಿ ಗ್ಯಾಸ್ ಕಟಿಂಗ್ ಮಾಡುವವರಿದ್ದೀರಿ, ಆಸ್ಪತ್ರೆ ಯಂತ್ರ ರಿಪೇರಿ ಮಾಡುವವರಿದ್ದೀರಿ, ಮೀನು ಸಾಕುವವರೂ ಇದ್ದೀರಿ. ದಿನಾ ಆಕ್ಸಿಜನ್ ಜೊತೆ ಕೆಲಸ ಮಾಡುವವರು ನೀವು. ಅದಕ್ಕೇ ಇಲ್ಲಿಗೆ ಬಂದೆ.

ಗೊತ್ತಿಲ್ಲದವರಿಗೆ ಎರಡು ಮಾತು. ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯನ್ನು ಬಿಸಿನೀರಲ್ಲಿ ನೆನೆಸಿ ಬಸಿದರೆ ಸಿಹಿಯಾದ ನೀರು ಸಿಗುತ್ತದೆ. ಅದೇ ವರ್ಟ್. ನಮ್ಮ ಮನೆಗಳಲ್ಲಿ ರಾಗಿ ಮೊಳಕೆ ಬರಿಸಿ ಮಾಲ್ಟ್ ಮಾಡುತ್ತಾರಲ್ಲ, ಶುರುವಾಗುವುದು ಅದೇ ಥರ. ಈ ವರ್ಟ್‌ಗೆ ಹಾಪ್ಸ್ ಹೂವು ಹಾಕಿ ಒಂದು ಗಂಟೆ ಕುದಿಸುತ್ತೇವೆ. ಕುದಿಯುವಾಗ ಅದರಲ್ಲಿ ಕರಗಿದ್ದ ಗಾಳಿ ಹೊರಟುಹೋಗುತ್ತದೆ. ಆದ್ದರಿಂದ ತಣ್ಣಗಾದ ಮೇಲೆ, ಯೀಸ್ಟ್ ಹಾಕುವ ಹೊತ್ತಿಗೆ, ಆಕ್ಸಿಜನ್ ಮತ್ತೆ ಕೊಡಬೇಕು.

ನನ್ನ ಹತ್ತಿರ ಇರುವುದು ಇಷ್ಟು. ಒಂದು ಪುಟ್ಟ ಆಕ್ಸಿಜನ್ ಸಿಲಿಂಡರ್. ಅದರ ಮೇಲೆ ರೆಗ್ಯುಲೇಟರ್, ಮುಳ್ಳು ತಿರುಗುವ ದುಂಡನೆಯ ಡಯಲ್, ಅದರಲ್ಲಿ ನಿಮಿಷಕ್ಕೆ ಎಷ್ಟು ಲೀಟರ್ ಎಂಬ ಅಂಕಿ. ಪೈಪಿನ ತುದಿಯಲ್ಲಿ 0.5 ಮೈಕ್ರಾನ್‌ನ ಸ್ಟೀಲ್ ಕಲ್ಲು, ಅಂದರೆ ಅತಿ ಸಣ್ಣ ರಂಧ್ರಗಳಿಂದ ಗುಳ್ಳೆ ಬಿಡುವ ತುದಿ. 19 ಲೀಟರ್ ವರ್ಟ್‌ಗೆ ಡಯಲ್ 1ಕ್ಕೆ ಇಟ್ಟು 60 ಸೆಕೆಂಡ್ ಬಿಡುತ್ತೇನೆ. ಒಂದೂವರೆ ವರ್ಷ ಏನೂ ತೊಂದರೆ ಇರಲಿಲ್ಲ.

ಈಗ ಎರಡು ಬ್ಯಾಚ್ ಅರ್ಧದಲ್ಲೇ ನಿಂತುಹೋದವು. ಶುರುವಿನ ಗ್ರಾವಿಟಿ (ನೀರಿಗೆ ಹೋಲಿಸಿದರೆ ವರ್ಟ್ ಎಷ್ಟು ಸಾಂದ್ರ ಎಂಬ ಅಂಕಿ, ಸಕ್ಕರೆ ಆಲ್ಕೋಹಾಲ್ ಆದ ಹಾಗೆ ಇದು ಇಳಿಯುತ್ತದೆ) 1.078 ಇತ್ತು. 1.018ರ ಹತ್ತಿರ ಬಂದು ನಿಲ್ಲಬೇಕಾದದ್ದು 1.034ಕ್ಕೇ ನಿಂತಿತು. ಕುಡಿದರೆ ಪಾನಕದ ಹಾಗೆ ಸಿಹಿ. ಯೀಸ್ಟ್ ಹೊಸದು, ದ್ರವದ್ದು. ಉಷ್ಣತೆ ಸರಿ ಇತ್ತು. ಡಯಲ್ ಎರಡು ಸಲವೂ ಸರಿಯಾಗಿ 1ರ ಮೇಲೇ ಇತ್ತು. ಡಯಲ್ ನಂಬಬಹುದಾ? ಮನೆಯಲ್ಲೇ ಹರಿವು ಅಳೆಯಲು ದಾರಿ ಇದೆಯಾ?

ಹೊಂಡದ_ಸರ್ಕಲ್

ತಮ್ಮಾ, ಪ್ರಶ್ನೆ ಚೆನ್ನಾಗಿದೆ. ಆದರೆ ಇದನ್ನು ಓದಿ ನಮ್ಮೂರ ಹುಡುಗರು ಇಲ್ಲಿ ಪ್ರಯತ್ನ ಮಾಡಬಾರದು. ಕರ್ನಾಟಕ ಅಬಕಾರಿ ಕಾಯ್ದೆ 1965ರ ಪ್ರಕಾರ ಲೈಸೆನ್ಸ್ ಇಲ್ಲದೆ ಮನೆಯಲ್ಲಿ ಮದ್ಯ ತಯಾರಿಸುವುದು ಅಪರಾಧ. ಅದನ್ನೂ ಬರೆದುಬಿಡು.

ನಿಟ್ಟುವಳ್ಳಿ_ಡೆನ್ವರ್

ಸರಿ ಅಣ್ಣ, ಬರೆಯಬೇಕಿತ್ತು. ಇಲ್ಲಿ 1978ರಲ್ಲಿ ಆದ ಕಾನೂನಿನಿಂದ ಮನೆ ಬಳಕೆಗೆ ಅವಕಾಶ ಸಿಕ್ಕಿತು. ಒಬ್ಬ ವಯಸ್ಕನಿದ್ದ ಮನೆಗೆ ವರ್ಷಕ್ಕೆ 100 ಗ್ಯಾಲನ್, ಇಬ್ಬರು ಅಥವಾ ಹೆಚ್ಚು ಇದ್ದರೆ 200. ಮಾರುವಂತಿಲ್ಲ. ನಮ್ಮೂರಿನ ಹುಡುಗರು ದಯವಿಟ್ಟು ಇದನ್ನು ಮಾಡಬೇಡಿ. ಆಕ್ಸಿಜನ್ ಅಳೆಯುವ ವಿಷಯ ಮಾತ್ರ ಎಲ್ಲರಿಗೂ ಉಪಯೋಗಕ್ಕೆ ಬರುತ್ತದೆ ಅಂತ ಇಲ್ಲಿ ಹಾಕಿದೆ.

ಹರಿಹರ_ಗ್ಯಾಸ್‌ಕಟಿಂಗ್

ಮೀಟರ್ ವಿಷಯ ಆಮೇಲೆ. ಮೊದಲು ಜೀವದ ವಿಷಯ. 32 ವರ್ಷದಿಂದ ಆಕ್ಸಿಜನ್ ಸಿಲಿಂಡರ್ ಹೊತ್ತಿದ್ದೇನೆ, ಅದಕ್ಕೇ ಹೇಳುತ್ತೇನೆ.

ರೆಗ್ಯುಲೇಟರ್‌ಗೆ ಎಣ್ಣೆ, ಗ್ರೀಸ್ ಒಂದು ಹನಿಯೂ ತಾಗಬಾರದು. ಬಿಗಿಯಾಗಿದೆ ಅಂತ ಕೊಬ್ಬರಿ ಎಣ್ಣೆ ಹಚ್ಚಿದವರನ್ನು ನೋಡಿದ್ದೇನೆ. ಒತ್ತಡದ ಆಕ್ಸಿಜನ್‌ಗೆ ಎಣ್ಣೆ ಸಿಕ್ಕರೆ ಕಿಡಿಯೇ ಬೇಕಾಗಿಲ್ಲ, ತಾನೇ ಹೊತ್ತಿಕೊಳ್ಳುತ್ತದೆ. ದೋಸೆ ತಿಂದ ಕೈಯಲ್ಲಿ ವಾಲ್ವ್ ಮುಟ್ಟಬೇಡ ಅಂತ ನಮ್ಮ ಶೆಡ್ಡಿನ ಹುಡುಗರಿಗೆ ದಿನಾ ಹೇಳುತ್ತೇನೆ. ಎರಡನೆಯದು, ಬೇರೆ ಗ್ಯಾಸಿನ ರೆಗ್ಯುಲೇಟರ್ ಆಕ್ಸಿಜನ್‌ಗೆ ಹಾಕಲೇಬೇಡ. ಬಿಯರ್ ಮಾಡುವವರ ಹತ್ತಿರ ಕಾರ್ಬನ್ ಡೈಆಕ್ಸೈಡ್ ರೆಗ್ಯುಲೇಟರ್ ಇರುತ್ತದೆ ಅಲ್ವಾ? ಅದು ಬೇಡ. ಮೂರನೆಯದು, ನೀನು ವರ್ಟ್ ಕುದಿಸುವುದು ಗ್ಯಾಸ್ ಒಲೆಯ ಮೇಲೆ ತಾನೆ? ಒಲೆ ಆರಿಸಿದ ಮೇಲೇ ಸಿಲಿಂಡರ್ ಹೊರಗೆ ತೆಗೆ.

ವಾಲ್ವ್ ನಿಧಾನ ತೆರೆ. ಡಯಲ್‌ಗೆ ಮುಖ ಕೊಟ್ಟು ನಿಲ್ಲಬೇಡ. ಈಗ ಆ ಡಯಲ್‌ನ ಫೋಟೊ ಹಾಕು, ನೋಡೋಣ.

ನಿಟ್ಟುವಳ್ಳಿ_ಡೆನ್ವರ್

ಫೋಟೊ ಹಾಕಿದ್ದೇನೆ ಕಾಕಾ. ರೆಗ್ಯುಲೇಟರ್ ಆಕ್ಸಿಜನ್‌ಗೇ ಮಾಡಿದ್ದು. ಒಲೆ ಹಿತ್ತಿಲಲ್ಲಿದೆ, ಸಿಲಿಂಡರ್ ಒಳಗಿನ ಕೋಣೆಯಲ್ಲಿ. ಕೈ ತೊಳೆದೇ ಮುಟ್ಟುತ್ತೇನೆ.

ದುರ್ಗದ_ಜೀವಶಾಸ್ತ್ರ

ಚಿತ್ರದುರ್ಗದಿಂದ. ಪಿಯು ಮಕ್ಕಳಿಗೆ ಪಾಠ ಮಾಡುತ್ತೇನೆ. ಯೀಸ್ಟ್ ಆಕ್ಸಿಜನ್ ಇಲ್ಲದೆ ಸಕ್ಕರೆಯನ್ನು ಆಲ್ಕೋಹಾಲ್ ಮಾಡುತ್ತದೆ ಅಂತ ಪುಸ್ತಕದಲ್ಲಿ ಓದಿದ ಮಕ್ಕಳು "ಹಾಗಾದರೆ ಆಕ್ಸಿಜನ್ ಯಾಕೆ ಸರ್?" ಅಂತ ಪ್ರತಿ ವರ್ಷ ಕೇಳುತ್ತಾರೆ. ಒಳ್ಳೆಯ ಪ್ರಶ್ನೆ ಅದು.

ಯೀಸ್ಟ್‌ಗೆ ಇಲ್ಲಿ ಆಕ್ಸಿಜನ್ ಬೇಕಾಗುವುದು ಉಸಿರಾಟಕ್ಕಲ್ಲ, ಮೈ ಕಟ್ಟಿಕೊಳ್ಳಲು. ಜೀವಕೋಶದ ಹೊರ ಪೊರೆಗೆ ಎರ್ಗೋಸ್ಟೆರಾಲ್ ಎಂಬ ವಸ್ತು ಬೇಕು. ಅಪರ್ಯಾಪ್ತ ಕೊಬ್ಬಿನಾಮ್ಲಗಳೂ ಬೇಕು. ಇವೆರಡನ್ನೂ ತಯಾರಿಸಲು ಯೀಸ್ಟ್ ಆಕ್ಸಿಜನ್ ಬಳಸುತ್ತದೆ. ಒಂದು ಕೋಶ ಎರಡಾದಾಗ ತನ್ನಲ್ಲಿದ್ದ ದಾಸ್ತಾನನ್ನು ಮರಿಗೆ ಹಂಚುತ್ತದೆ. ನಾಲ್ಕಾದಾಗ ಮತ್ತೆ ಹಂಚಿಕೆ. ಹೊಸದು ಬರದಿದ್ದರೆ ಕೆಲವೇ ತಲೆಮಾರಿನಲ್ಲಿ ದಾಸ್ತಾನು ಖಾಲಿ. ಪೊರೆ ದುರ್ಬಲವಾಗುತ್ತದೆ. ಆಗ ಆಲ್ಕೋಹಾಲ್ ಏರಿದ ಹಾಗೆ ಯೀಸ್ಟ್ ತಾಳಲಾರದೆ ಕೆಲಸ ನಿಲ್ಲಿಸುತ್ತದೆ. ನಿಮ್ಮ 1.034 ನೋಡಿದರೆ ನನಗೆ ಇದೇ ಅನಿಸುತ್ತದೆ. ಮೊದಲ ಅರ್ಧ ಚೆನ್ನಾಗಿ ಓಡಿ, ಆಮೇಲೆ ಸುಸ್ತಾಗಿದೆ.

ಒಣ ಯೀಸ್ಟ್ ಪುಡಿಯದು ಬೇರೆ ಕತೆ. ಅದನ್ನು ಕಾರ್ಖಾನೆಯಲ್ಲೇ ಬೇಕಾದಷ್ಟು ಗಾಳಿ ಕೊಟ್ಟು ಬೆಳೆಸಿರುತ್ತಾರೆ. ದಾಸ್ತಾನು ತುಂಬಿಕೊಂಡೇ ಬರುತ್ತದೆ. ಆದ್ದರಿಂದ ಮೊದಲ ಸಲ ಹಾಕುವಾಗ ಅಷ್ಟಾಗಿ ಆಕ್ಸಿಜನ್ ಬೇಡ. ನಿಮ್ಮದು ದ್ರವದ ಯೀಸ್ಟ್, ಜೊತೆಗೆ ಗ್ರಾವಿಟಿ ಜಾಸ್ತಿ. ಬೇಕೇ ಬೇಕು.

ಸಾಮಾನ್ಯ ಬಿಯರ್‌ಗೆ ಲೀಟರಿಗೆ 8ರಿಂದ 10 ಮಿಲಿಗ್ರಾಂ, ಇಷ್ಟು ಗಟ್ಟಿ ವರ್ಟ್‌ಗೆ ಅದಕ್ಕಿಂತ ಸ್ವಲ್ಪ ಜಾಸ್ತಿ ಅನ್ನುತ್ತಾರೆ. ವರ್ಟ್ ಪೂರ್ತಿ ತಣ್ಣಗಾದ ಮೇಲೆ ಮಾತ್ರ ಕೊಡಿ. ಬಿಸಿಯಲ್ಲಿ ಆಕ್ಸಿಜನ್ ಕರಗುವುದೂ ಕಡಿಮೆ, ರುಚಿಯೂ ಕೆಡುತ್ತದೆ.

ವಿದ್ಯಾನಗರ_ಬಯೋಮೆಡಿಕಲ್

ಫೋಟೊ ನೋಡಿದೆ. ನಿನ್ನ ತೊಂದರೆ ಅಲ್ಲೇ ಇದೆ ಅಂತ ನನಗೆ ಬಹುತೇಕ ಖಾತ್ರಿ.

ನಾನು ಆಸ್ಪತ್ರೆ ಉಪಕರಣಗಳ ಟೆಕ್ನಿಷಿಯನ್. 2021ರ ಎರಡನೇ ಅಲೆಯಲ್ಲಿ ಹಗಲು ರಾತ್ರಿ ಈ ಮೀಟರ್‌ಗಳ ಜೊತೆಯೇ ಇದ್ದೆ. ಆಗ ನಮ್ಮೂರಲ್ಲಿ ಮನೆ ಮನೆಯಲ್ಲೂ "ಎಷ್ಟು ಲೀಟರ್ ಇಟ್ಟಿದ್ದಾರೆ?" ಅನ್ನುವುದೇ ಮಾತಾಗಿತ್ತು. ಆ ಅಂಕಿ ಎಲ್ಲಿಂದ ಬರುತ್ತದೆ ಅಂತ ಆಗ ಯಾರಿಗೂ ಕೂತು ಹೇಳಲು ಆಗಲಿಲ್ಲ. ಈಗ ಹೇಳುತ್ತೇನೆ.

ಹರಿವು ತೋರಿಸುವ ಮೀಟರ್ ಮುಖ್ಯವಾಗಿ ಎರಡು ಬಗೆ. ಒಂದು, ಗಾಜಿನಂಥ ನೆಟ್ಟಗಿನ ಕೊಳವೆಯೊಳಗೆ ಗುಂಡು ತೇಲುವುದು. ಕೊಳವೆ ಕೆಳಗೆ ಕಿರಿದು, ಮೇಲೆ ಅಗಲ. ಗ್ಯಾಸ್ ಹರಿದರೆ ಮಾತ್ರ ಗುಂಡು ಏಳುತ್ತದೆ. ಹರಿವು ನಿಂತರೆ ಗುಂಡು ಬೀಳುತ್ತದೆ. ಇನ್ನೊಂದು ನಿನ್ನ ಹತ್ತಿರ ಇರುವುದು, ಬೋರ್ಡನ್ ಡಯಲ್. ಅದರೊಳಗೆ ಕುಡುಗೋಲಿನ ಹಾಗೆ ಬಾಗಿದ ತೆಳು ಕೊಳವೆ ಇದೆ. ಒತ್ತಡ ಏರಿದರೆ ಅದು ನೆಟ್ಟಗಾಗಲು ನೋಡುತ್ತದೆ, ಮುಳ್ಳು ತಿರುಗುತ್ತದೆ. ಅಂದರೆ ಅದು ಅಳೆಯುವುದು ಒತ್ತಡವನ್ನು. ಹರಿವನ್ನಲ್ಲ!

ಹಾಗಾದರೆ ಲೀಟರ್ ಅಂಕಿ ಯಾಕೆ ಬರೆದಿದ್ದಾರೆ? ಡಯಲ್‌ನ ಮುಂದೆ ಒಂದು ಸಣ್ಣ ತೂತು ಇರುತ್ತದೆ, ಅಳತೆ ನಿಗದಿಯಾದದ್ದು. ಇಷ್ಟು ಒತ್ತಡ ಇದ್ದರೆ ಆ ತೂತಿನಿಂದ ಇಷ್ಟು ಲೀಟರ್ ಹೋಗುತ್ತದೆ ಅಂತ ಲೆಕ್ಕ ಹಾಕಿ ಬರೆದದ್ದು. ತೂತಿನ ಮುಂದೆ ದಾರಿ ಸಲೀಸಾಗಿದ್ದರೆ ಲೆಕ್ಕ ಸರಿ. ಮುಂದೆ ಅಡ್ಡಿ ಇದ್ದರೆ ಹರಿವು ಕುಸಿಯುತ್ತದೆ, ಡಯಲ್ ಮಾತ್ರ ಮೊದಲಿನ ಅಂಕಿಯನ್ನೇ ತೋರಿಸುತ್ತದೆ. ಪೈಪಿನ ಬಾಯಿ ಪೂರ್ತಿ ಬೆರಳಿನಿಂದ ಮುಚ್ಚಿದರೂ ಹರಿಯುತ್ತಿದೆ ಅನ್ನುತ್ತದೆ. ಈ ಡಯಲ್ ಕೆಟ್ಟದ್ದು ಅಂತಲ್ಲ. ಅಡ್ಡ ಮಲಗಿಸಿದರೂ ಕೆಲಸ ಮಾಡುತ್ತದೆ, ಅದಕ್ಕೇ ಸಾಗಿಸುವ ಸಿಲಿಂಡರ್‌ಗಳಿಗೆ ಹೊಂದುತ್ತದೆ. ಗುಂಡಿನ ಮೀಟರ್ ನೆಟ್ಟಗೆ ನಿಂತಿರಲೇಬೇಕು.

ನಿನ್ನ ಪೈಪಿನ ತುದಿಯಲ್ಲಿ 0.5 ಮೈಕ್ರಾನ್ ಕಲ್ಲಿದೆ. ಒಂದೂವರೆ ವರ್ಷ ಸಿಹಿ ವರ್ಟ್‌ನಲ್ಲಿ ಮುಳುಗಿ ಎದ್ದಿದೆ. ಅದರ ರಂಧ್ರಗಳು ಕಟ್ಟಿಕೊಂಡಿರಬೇಕು.

ನಿಟ್ಟುವಳ್ಳಿ_ಡೆನ್ವರ್

ಅಕ್ಕಾ, ಓದಿ ಎದ್ದು ಹೋಗಿ ಪೈಪಿನ ಬಾಯಿ ಒತ್ತಿ ನೋಡಿದೆ. ಮುಳ್ಳು 1ರಿಂದ ಒಂದಿಷ್ಟೂ ಅಲುಗಲಿಲ್ಲ. ಮಾರಿದ ಅಂಗಡಿಯವರು ಇದನ್ನು ಹೇಳಿಯೇ ಇರಲಿಲ್ಲ. ಕಲ್ಲನ್ನು ಪ್ರತಿ ಸಲ ಬಿಸಿನೀರಲ್ಲಿ ಅದ್ದುತ್ತಿದ್ದೆ, ಅಷ್ಟೇ ಸಾಕು ಅಂದುಕೊಂಡಿದ್ದೆ. ಈಗ ನಿಜವಾದ ಹರಿವು ಎಷ್ಟು ಅಂತ ಹೇಗೆ ತಿಳಿಯಲಿ? ಗುಳ್ಳೆ ನೋಡಿದರೆ ಬರುತ್ತಲೇ ಇವೆ.

ಸೂಳೆಕೆರೆ_ಮೀನು

ಗುಳ್ಳೆ ನೋಡಿ ಹೇಳಲು ಆಗುವುದಿಲ್ಲ ಅಣ್ಣ. ನಾನೂ ಅದೇ ತಪ್ಪು ಮಾಡಿದ್ದೆ. ಸಣ್ಣ ಗುಳ್ಳೆ ಕಣ್ಣಿಗೆ ಜಾಸ್ತಿ ಕಾಣುತ್ತದೆ.

ನನ್ನದು ಚನ್ನಗಿರಿ ಕಡೆ ಬಯೋಫ್ಲಾಕ್ ತೊಟ್ಟಿಗಳು, ಅಂದರೆ ನೀರಲ್ಲಿ ಬ್ಯಾಕ್ಟೀರಿಯಾ ಬೆಳೆಸಿ ಅದರಲ್ಲೇ ಮೀನು ಸಾಕುವುದು. ಭದ್ರಾ ಕಡೆಯಿಂದ ಮೀನುಮರಿ ತರುವಾಗ ಪಾಲಿಥೀನ್ ಚೀಲದಲ್ಲಿ ಒಂದು ಪಾಲು ನೀರು, ಎರಡು ಪಾಲು ಆಕ್ಸಿಜನ್ ತುಂಬುತ್ತಾರೆ. ಸಿಲಿಂಡರ್ ಮೀಟರ್ ಕೆಟ್ಟಾಗ ಅಲ್ಲಿನ ಹಿರಿಯರೊಬ್ಬರು ಹೇಳಿಕೊಟ್ಟ ವಿಧಾನ ಇದು. ಖರ್ಚು ಏನೂ ಇಲ್ಲ.

ಒಂದು ಬಕೀಟು ನೀರು ತಗೊ. ಒಂದು ಲೀಟರಿನ ಖಾಲಿ ಬಾಟಲಿ ತಗೊ. ಒಂದು ಲೀಟರ್ ಅಂತ ಹೊರಗೆ ಬರೆದದ್ದನ್ನು ನಂಬಬೇಡ, ಬಾಯಿವರೆಗೆ ತುಂಬಿದರೆ ಅದಕ್ಕಿಂತ ಜಾಸ್ತಿ ಹಿಡಿಯುತ್ತದೆ. ಅಡುಗೆ ಮನೆಯ ತಕ್ಕಡಿಯಲ್ಲಿ ಒಂದು ಕೆಜಿ ನೀರು ತೂಗಿ ಬಾಟಲಿಗೆ ಹಾಕು. ಬಾಟಲಿ ಬೋರಲು ಮಾಡಿದಾಗ ಆ ಗುರುತು ಎಲ್ಲಿ ಬರುತ್ತದೆ ಅಂತ ಲೆಕ್ಕ ಬೇಕು, ಅದಕ್ಕೆ ಮುಚ್ಚಳ ಬಿಗಿದು ಬೋರಲು ಹಿಡಿ. ಮೇಲೆ ಸ್ವಲ್ಪ ಗಾಳಿ ಇರುತ್ತದೆ. ಆ ನೀರಿನ ಮಟ್ಟಕ್ಕೆ ಒಂದು ಗೆರೆ ಹಾಕು. ಆ ಗೆರೆಯಿಂದ ಕೆಳಗಿನದು ಸರಿಯಾಗಿ ಒಂದು ಲೀಟರ್. ಆಮೇಲೆ ಬಾಟಲಿ ಪೂರ್ತಿ ತುಂಬಿ, ಅಂಗೈಯಲ್ಲಿ ಬಾಯಿ ಮುಚ್ಚಿ, ಬಕೀಟಿನಲ್ಲಿ ಬೋರಲು ಹಾಕು. ನೀರು ಒಳಗೇ ನಿಲ್ಲುತ್ತದೆ.

ಈಗ ಪೈಪನ್ನು ಕೆಳಗಿನಿಂದ ಬಾಟಲಿ ಬಾಯೊಳಗೆ ತೂರಿಸು. ಆಕ್ಸಿಜನ್ ಮೇಲೇರುತ್ತದೆ, ನೀರು ಕೆಳಗೆ ಬಕೀಟಿಗೆ ಬರುತ್ತದೆ. ನೀರು ಗೆರೆಗೆ ಇಳಿದಾಗ ಫೋನಿನ ಸ್ಟಾಪ್‌ವಾಚ್ ಒತ್ತು. ಬಾಟಲಿ ಬಾಯಿಂದ ಗುಳ್ಳೆ ಹೊರಗೆ ಬಂದಾಗ ನಿಲ್ಲಿಸು. 60 ಸೆಕೆಂಡ್ ಆದರೆ ನಿಮಿಷಕ್ಕೆ ಒಂದು ಲೀಟರ್. 120 ಆದರೆ ಅರ್ಧ ಲೀಟರ್. ಅಷ್ಟೇ.

ಮುಖ್ಯವಾದದ್ದು ಒಂದಿದೆ. ಮೊದಲು ಕಲ್ಲು ತೆಗೆದು ಬರಿ ಪೈಪಿನಲ್ಲಿ ಮಾಡು. ಆಮೇಲೆ ಕಲ್ಲು ಹಾಕಿ ಕಲ್ಲನ್ನೇ ಬಾಟಲಿ ಬಾಯೊಳಗೆ ಇಟ್ಟು ಮಾಡು. ನಿನ್ನ ಕಲ್ಲು ಸಣ್ಣದು, ಹಿಡಿಸುತ್ತದೆ. ಎರಡಕ್ಕೂ ಇರುವ ವ್ಯತ್ಯಾಸವೇ ಕಲ್ಲು ತಿನ್ನುತ್ತಿರುವುದು. ಪ್ರತಿಯೊಂದನ್ನೂ ಮೂರು ಸಲ ಮಾಡು. ಕೊನೆಗೆ ಬಾಟಲಿ ಮೇಲೆತ್ತುವ ಮುಂಚೆ ಹತ್ತಿರ ದೀಪ, ಊದಿನಕಡ್ಡಿ ಇಲ್ಲ ಅಂತ ನೋಡಿಕೊ, ಒಳಗಿರುವುದು ಶುದ್ಧ ಆಕ್ಸಿಜನ್.

ಹರಿಹರ_ಗ್ಯಾಸ್‌ಕಟಿಂಗ್

ಬಹಳ ಚೆನ್ನಾಗಿ ಹೇಳಿದೆ ತಮ್ಮಾ. ಮೂರು ಸಲ ಮಾಡು ಅಂದದ್ದು ಇನ್ನೂ ಚೆಂದ.

ನಿಟ್ಟುವಳ್ಳಿ_ಡೆನ್ವರ್

ಮಾಡಿದೆ. ಡಯಲ್ ಎಲ್ಲಾ ಸಲ 1ರ ಮೇಲೇ.

ಬರಿ ಪೈಪ್: 62, 63, 63 ಸೆಕೆಂಡ್.
ಕಲ್ಲು ಹಾಕಿ: 5 ನಿಮಿಷ 14 ಸೆಕೆಂಡ್, 5 ನಿಮಿಷ 20, 5 ನಿಮಿಷ 25.

ನಿಂತು ನೋಡುತ್ತಾ ಇದ್ದೆ, ಬಾಟಲಿ ಖಾಲಿಯಾಗುವುದೇ ಇಲ್ಲ. ಅಂದರೆ ನಾನು ಒಂದು ಲೀಟರ್ ಅಂದುಕೊಂಡದ್ದು ಐದನೇ ಒಂದು ಪಾಲಿಗಿಂತಲೂ ಕಡಿಮೆ. ಎರಡು ಬ್ಯಾಚ್ ಯಾಕೆ ನಿಂತವು ಅಂತ ಈಗ ಗೊತ್ತಾಯಿತು.

ಇಟಿಪಿ_ನಿವೃತ್ತ

ಹರಿಹರದವನು. ಕಾರ್ಖಾನೆಯ ತ್ಯಾಜ್ಯ ನೀರು ಶುದ್ಧೀಕರಣ ಘಟಕದಲ್ಲಿ 27 ವರ್ಷ ಇದ್ದೆ. ಅಲ್ಲಿ ಬ್ಯಾಕ್ಟೀರಿಯಾಗೆ ಗಾಳಿ ಕೊಡುವುದೇ ಕೆಲಸ. ನಿಮ್ಮ ಯೀಸ್ಟ್ ಬೇರೆ, ನಮ್ಮ ಬ್ಯಾಕ್ಟೀರಿಯಾ ಬೇರೆ, ಆದರೆ ನೀರಿಗೆ ಆಕ್ಸಿಜನ್ ಕರಗುವ ಲೆಕ್ಕ ಒಂದೇ. ಹಾಕಿ ತೋರಿಸುತ್ತೇನೆ.

320 ಸೆಕೆಂಡಿಗೆ ಒಂದು ಲೀಟರ್ ಅಂದರೆ ನಿಮಿಷಕ್ಕೆ 0.19 ಲೀಟರ್. ಅದರ ತೂಕ ಎಷ್ಟು? ಸಮುದ್ರ ಮಟ್ಟದಲ್ಲಿ, 20 ಡಿಗ್ರಿಯಲ್ಲಿ ಒಂದು ಲೀಟರ್ ಆಕ್ಸಿಜನ್ ಸುಮಾರು 1.33 ಗ್ರಾಂ. ಆದರೆ ಡೆನ್ವರ್ 1,600 ಮೀಟರ್ ಎತ್ತರದಲ್ಲಿದೆ. ಅಲ್ಲಿನ ಗಾಳಿಯ ಒತ್ತಡ ಸಮುದ್ರ ಮಟ್ಟದ ನೂರಕ್ಕೆ 83ರಷ್ಟು ಮಾತ್ರ. ಬಾಟಲಿಯಲ್ಲಿ ಹಿಡಿದ ಒಂದು ಲೀಟರ್ ಅಲ್ಲಿ 1.1 ಗ್ರಾಂ ಅಷ್ಟೇ ತೂಗುತ್ತದೆ. ಹಾಗಾಗಿ ನಿಮ್ಮ ಒಂದು ನಿಮಿಷದಲ್ಲಿ ಹೋದದ್ದು ಸುಮಾರು 206 ಮಿಲಿಗ್ರಾಂ. 19 ಲೀಟರಿಗೆ ಹಂಚಿ. ಲೀಟರಿಗೆ 11 ಮಿಲಿಗ್ರಾಂ ಕೂಡ ಆಗಲಿಲ್ಲ.

"ಹಾಗಾದರೆ ಸಾಕಾಯಿತಲ್ಲ" ಅನ್ನಬೇಡಿ. ಇದು ಕೊಟ್ಟದ್ದು, ಕರಗಿದ್ದಲ್ಲ. ನಿಮ್ಮ ಪಾತ್ರೆ ಒಂದೂವರೆ ಅಡಿ ಆಳವೂ ಇಲ್ಲ. ಗುಳ್ಳೆ ಮೇಲೇರಲು ಒಂದೆರಡು ಸೆಕೆಂಡ್ ಸಾಕು. ಅಷ್ಟರಲ್ಲಿ ಸ್ವಲ್ಪ ಕರಗುತ್ತದೆ, ಉಳಿದದ್ದು ಮೇಲೆ ಒಡೆದು ಹೋಗುತ್ತದೆ. ನಮ್ಮ ತೊಟ್ಟಿಗಳು ಅಷ್ಟು ಆಳ ಇದ್ದದ್ದು ಸುಮ್ನೆ ಅಲ್ಲ. ಗುಳ್ಳೆ ನೀರಿನಲ್ಲಿ ಎಷ್ಟು ಹೊತ್ತು ಇರುತ್ತದೋ ಅಷ್ಟು ಲಾಭ.

ಆದ್ದರಿಂದ ಹರಿವಿನ ಮೀಟರ್ ಎಷ್ಟೇ ಸರಿ ಇದ್ದರೂ ಅದು ನಿಮಗೆ ಕರಗಿದ ಆಕ್ಸಿಜನ್ ಹೇಳುವುದಿಲ್ಲ. ಅದು ಹೇಳುವುದು ಇವತ್ತು ಮಾಡಿದ್ದನ್ನೇ ಮುಂದಿನ ತಿಂಗಳೂ ಮಾಡಿದಿರಾ ಅಂತ. ಅದೇ ಕಲ್ಲು, ಅದೇ ಪಾತ್ರೆ, ಅದೇ ಉಷ್ಣತೆ, ಅದೇ ಹರಿವು, ಅಷ್ಟೇ ಸಮಯ. ಒಂದು ಸಲ ಮಾತ್ರ ಕರಗಿದ ಆಕ್ಸಿಜನ್ ಅಳೆಯುವ ಮೀಟರ್ ಯಾರಿಂದಲಾದರೂ ಎರವಲು ತಂದು, ಎಷ್ಟು ಸೆಕೆಂಡಿಗೆ ಎಷ್ಟು ಏರುತ್ತದೆ ಅಂತ ಬರೆದಿಟ್ಟುಕೊಳ್ಳಿ. ಆಮೇಲೆ ಆ ಮೀಟರ್ ಬೇಕಾಗಿಲ್ಲ. ಬಾಟಲಿ ಮತ್ತು ಗಡಿಯಾರ ಸಾಕು.

ಎಂಸಿಸಿ_ಬಿಬ್ಲಾಕ್

ಇಷ್ಟೆಲ್ಲ ಕಷ್ಟ ಯಾಕೆ? ಐದು ನಿಮಿಷ ಬಿಟ್ಟರೆ ಆಯಿತಲ್ಲ. ಇಲ್ಲವಾದರೆ ಅಕ್ವೇರಿಯಂ ಪಂಪ್ ಹಾಕಿ ಗಾಳಿ ಬಿಡಬಹುದು. ಗಾಳಿ ಬಿಟ್ಟಿ.

ದುರ್ಗದ_ಜೀವಶಾಸ್ತ್ರ

ಗಾಳಿಯಿಂದ ಕೊಟ್ಟರೆ ಒಂದು ಮಿತಿ ಇದೆ. ಗಾಳಿಯಲ್ಲಿ ಆಕ್ಸಿಜನ್ ನೂರಕ್ಕೆ 21 ಮಾತ್ರ. ಸಮುದ್ರ ಮಟ್ಟದಲ್ಲಿ 20 ಡಿಗ್ರಿಯ ನೀರು ಲೀಟರಿಗೆ 9.1 ಮಿಲಿಗ್ರಾಂವರೆಗೆ ಹಿಡಿಯುತ್ತದೆ, ಅದಕ್ಕಿಂತ ಮುಂದೆ ಎಷ್ಟು ಹೊತ್ತು ಬಿಟ್ಟರೂ ಏರುವುದಿಲ್ಲ. ಡೆನ್ವರ್‌ನಲ್ಲಿ ಅದು 7.5. ಸಕ್ಕರೆ ಇರುವ ವರ್ಟ್‌ನಲ್ಲಿ ಇನ್ನೂ ಕಡಿಮೆ. ತಿಳಿ ಬಿಯರ್‌ಗೆ ನಡೆದೀತು. 1.078ಕ್ಕೆ ಸಾಲದು.

ಶುದ್ಧ ಆಕ್ಸಿಜನ್‌ಗೆ ಆ ಮಿತಿ ಸುಮಾರು ಐದು ಪಟ್ಟು ಮೇಲಿದೆ. ಅದೇ ಅದರ ಲಾಭ, ಅದೇ ಅಪಾಯ. ಕಲ್ಲು ಸ್ವಚ್ಛವಾದ ಮೇಲೂ ಐದು ನಿಮಿಷ ಬಿಟ್ಟರೆ ಅಗತ್ಯಕ್ಕಿಂತ ಎಷ್ಟೋ ಜಾಸ್ತಿಯಾಗಿ ಯೀಸ್ಟ್‌ನ ಬೆಳವಣಿಗೆಯೂ ರುಚಿಯೂ ಹದ ತಪ್ಪಬಹುದು. ಗಾಳಿಗೆ ಅಳತೆ ಬೇಕಾಗಿಲ್ಲ, ಶುದ್ಧ ಆಕ್ಸಿಜನ್‌ಗೆ ಬೇಕು. ಈ ಚರ್ಚೆ ಶುರುವಾದದ್ದೇ ಅದಕ್ಕೆ.

ಎಂಸಿಸಿ_ಬಿಬ್ಲಾಕ್

ಸರಿ ಸರ್, ಅರ್ಥ ಆಯಿತು.

ಇಟಿಪಿ_ನಿವೃತ್ತ

ಎತ್ತರದ ಮಾತು ಬಂದಿದ್ದರಿಂದ ಇನ್ನೊಂದು. ಕರಗಿದ ಆಕ್ಸಿಜನ್ ಮೀಟರ್ ತಂದರೆ ಅದನ್ನು ಅಲ್ಲಿನ ಒತ್ತಡಕ್ಕೆ ಹೊಂದಿಸಿಯೇ ಬಳಸಿ. 20 ಡಿಗ್ರಿ ಅಂದರೆ 9.1 ಅಂತ ಕಣ್ಣು ಮುಚ್ಚಿ ಹೊಂದಿಸಿದರೆ ಆಮೇಲೆ ಬರುವ ಪ್ರತಿ ಅಂಕಿಯೂ ಐದನೇ ಒಂದು ಪಾಲು ಜಾಸ್ತಿ ತೋರಿಸುತ್ತದೆ. ನಮ್ಮ ದಾವಣಗೆರೆ ಕೂಡ ಸಮುದ್ರ ಮಟ್ಟದಲ್ಲಿಲ್ಲ. 600 ಮೀಟರ್ ಎತ್ತರ. ಇಲ್ಲಿ ಅದು 8.5ರ ಹತ್ತಿರ. ಘಟಕಕ್ಕೆ ಹೊಸದಾಗಿ ಬಂದ ಎಂಜಿನಿಯರ್‌ಗಳಿಗೆ ಇದನ್ನು ಹೇಳಿ ಹೇಳಿ ಸಾಕಾಗಿತ್ತು. ಪೊರೆ ಇರುವ ಪ್ರೋಬ್ ಆದರೆ ನೀರನ್ನು ಕಲಕುತ್ತಾ ಇರಬೇಕು, ನಿಂತ ನೀರಲ್ಲಿ ಅಂಕಿ ಇಳಿಯುತ್ತಾ ಹೋಗುತ್ತದೆ.

ವಿದ್ಯಾನಗರ_ಬಯೋಮೆಡಿಕಲ್

ಹೊಸ ಮೀಟರ್ ತಗೊಳ್ಳುವುದಾದರೆ ಗುಂಡಿನದ್ದು ತಗೊ. ಅದರಲ್ಲೂ ವಾಲ್ವ್ ಎಲ್ಲಿದೆ ಅಂತ ಕೇಳು. ಆಸ್ಪತ್ರೆಯ ಮೀಟರ್‌ಗಳಲ್ಲಿ ಸಣ್ಣಗೆ ತೆರೆಯುವ ಸೂಜಿ ವಾಲ್ವ್ ಕೊಳವೆ ದಾಟಿದ ಮೇಲೆ ಇರುತ್ತದೆ. ಹಾಗಿದ್ದರೆ ಕೊಳವೆಯೊಳಗಿನ ಒತ್ತಡ ಬದಲಾಗುವುದಿಲ್ಲ, ಮುಂದೆ ಅಡ್ಡಿ ಬಂದರೂ ಗುಂಡು ನಿಜವನ್ನೇ ತೋರಿಸುತ್ತದೆ. ವಾಲ್ವ್ ಕೊಳವೆಗಿಂತ ಮೊದಲೇ ಇದ್ದರೆ, ಕಲ್ಲಿನ ಒತ್ತಡ ಹಿಂದಕ್ಕೆ ಬಂದು ಗುಂಡು ಇರುವುದಕ್ಕಿಂತ ಕಡಿಮೆ ತೋರಿಸುತ್ತದೆ.

0ಯಿಂದ 15 ಲೀಟರ್‌ವರೆಗಿನ ಮೀಟರ್ ಬೇಡ. ಅದರಲ್ಲಿ 1 ಅಂದರೆ ತಳದಲ್ಲಿ ಒಂದು ಗೆರೆ. ಮಕ್ಕಳಿಗೆ ಬಳಸುವ ಕಡಿಮೆ ಹರಿವಿನ ಮೀಟರ್ ನಿನಗೆ ಸರಿ. ಗುಂಡಿನ ನಡುಮಧ್ಯ ಎಲ್ಲಿದೆಯೋ ಅಲ್ಲಿ ಓದು, ಕಣ್ಣು ಅದೇ ಎತ್ತರದಲ್ಲಿರಲಿ. ಮೇಲಿನಿಂದ ಬಗ್ಗಿ ನೋಡಿದರೆ ತಪ್ಪುತ್ತದೆ. ರಾತ್ರಿ ಪಾಳಿಯ ಹುಡುಗಿಯರಿಗೆ ಮೊದಲ ದಿನ ನಾನು ಹೇಳಿಕೊಡುವುದೇ ಇದನ್ನು. ಆ ಗೆರೆಯ ವ್ಯತ್ಯಾಸ ಒಂದು ಕೂಸಿಗೆ ದೊಡ್ಡದು.

ಕಲ್ಲು ತೊಳೆಯುವ ಬಗ್ಗೆ ಯಾರಾದರೂ ಹೇಳಿ. ಅದು ನನಗೆ ಗೊತ್ತಿರುವ ವಿಷಯ ಅಲ್ಲ.

ಸೂಳೆಕೆರೆ_ಮೀನು

ನಮ್ಮ ಕಲ್ಲುಗಳು ದೊಡ್ಡ ರಂಧ್ರದವು, ಉಜ್ಜಿ ಬಿಸಿಲಿಗೆ ಇಡುತ್ತೇವೆ. ಸ್ಟೀಲ್ ಕಲ್ಲಿಗೆ ಅದು ನಡೆಯುವುದಿಲ್ಲ ಅನಿಸುತ್ತದೆ.

ನಿಟ್ಟುವಳ್ಳಿ_ಡೆನ್ವರ್

ಎರಡು ವಾರ ಬಿಟ್ಟು ಬರೆಯುತ್ತಿದ್ದೇನೆ. ಪೂರ್ತಿ ಹೇಳುತ್ತೇನೆ.

ಕಲ್ಲನ್ನು ಬಿಯರ್ ಪಾತ್ರೆ ತೊಳೆಯುವ ಸೋಡಾದಂಥ ಪುಡಿಯ ಬಿಸಿ ನೀರಲ್ಲಿ ರಾತ್ರಿಯಿಡೀ ನೆನೆಸಿದೆ. ಬೆಳಿಗ್ಗೆ ಅದೇ ನೀರಲ್ಲಿ ಮುಳುಗಿಸಿ ಆಕ್ಸಿಜನ್ ಬಿಟ್ಟೆ, ಒಳಗಿನದು ಹೊರಗೆ ಬರಲಿ ಅಂತ. ನೀರು ಕಂದಾಯಿತು! ಹೊರಗಿನಿಂದ ಹೊಳೆಯುತ್ತಿದ್ದ ಕಲ್ಲು ಅದು. ಆಮೇಲೆ ಬರಿ ನೀರಲ್ಲಿ 15 ನಿಮಿಷ ಕುದಿಸಿದೆ. ಈಗ ಬೆರಳಿನಿಂದ ಮುಟ್ಟುವುದಿಲ್ಲ, ಚರ್ಮದ ಜಿಡ್ಡೂ ರಂಧ್ರ ಕಟ್ಟುತ್ತದಂತೆ. ವರ್ಟ್‌ನಿಂದ ಹೊರಗೆ ತೆಗೆಯುವಾಗ ಆಕ್ಸಿಜನ್ ನಿಲ್ಲಿಸದೆಯೇ ತೆಗೆಯುತ್ತೇನೆ. ಹಾಗೆ ಮಾಡಿದರೆ ಸಿಹಿ ನೀರು ಒಳಗೆ ಹೀರಿಕೊಳ್ಳುವುದಿಲ್ಲ.

ಮತ್ತೆ ಬಾಟಲಿ. ಕಲ್ಲು ಹಾಕಿ 66 ಸೆಕೆಂಡ್. ಮೂರು ಸಲವೂ 66.

ಆಮೇಲೆ ಲೈಸೆನ್ಸ್ ಇರುವ ಬ್ರೂವರಿಯಲ್ಲಿ ಕೆಲಸ ಮಾಡುವ ಗೆಳೆಯನಿಂದ ಮೀಟರ್ ತಂದು, ಇಟಿಪಿ ಸರ್ ಹೇಳಿದ ಹಾಗೆ ಇಲ್ಲಿನ ಒತ್ತಡಕ್ಕೆ ಹೊಂದಿಸಿದೆ. ಕುದಿಸಿ ತಣಿಸಿದ 19 ಲೀಟರ್ ಬರಿ ನೀರಲ್ಲಿ ಮೊದಲು ಲೀಟರಿಗೆ 2.1 ಮಿಲಿಗ್ರಾಂ ಇತ್ತು. 60 ಸೆಕೆಂಡ್ ಬಿಟ್ಟ ಮೇಲೆ 10.4. 90 ಸೆಕೆಂಡಿಗೆ 13ರ ಹತ್ತಿರ. ಒಂದು ನಿಮಿಷದಲ್ಲಿ ಕೊಟ್ಟದ್ದು ಸುಮಾರು 1,000 ಮಿಲಿಗ್ರಾಂ, ನೀರಿಗೆ ಸೇರಿದ್ದು 158. ಆರರಲ್ಲಿ ಒಂದು ಪಾಲು ಕೂಡ ಇಲ್ಲ. ಸರ್, ನೀವು ಹೇಳಿದ್ದು ಕಣ್ಣಾರೆ ಕಂಡೆ.

ಹೋದ ಶನಿವಾರ ಅದೇ 1.078ರ ವರ್ಟ್ ಮಾಡಿ 90 ಸೆಕೆಂಡ್ ಕೊಟ್ಟೆ. ಇವತ್ತು ಬೆಳಿಗ್ಗೆ ಅಳೆದೆ. 1.021. ಇನ್ನೂ ಇಳಿಯುತ್ತಿದೆ.

ಇಟಿಪಿ_ನಿವೃತ್ತ

ಸಂತೋಷ. ನೀರಿಗಿಂತ ವರ್ಟ್‌ನಲ್ಲಿ ಕರಗುವುದು ಸ್ವಲ್ಪ ಕಡಿಮೆ ಅಂತ ನೆನಪಿರಲಿ. ಬಾಟಲಿ ಪರೀಕ್ಷೆಯನ್ನು ಪ್ರತಿ ಬ್ಯಾಚ್‌ಗೂ ಮುಂಚೆ ಮಾಡಿ, ಒಂದು ನೋಟ್‌ಬುಕ್‌ನಲ್ಲಿ ದಿನಾಂಕದ ಜೊತೆ ಸೆಕೆಂಡ್ ಬರೆಯಿರಿ. 66 ಇದ್ದದ್ದು 75 ಆದ ದಿನವೇ ಕಲ್ಲು ತೊಳೆಯಿರಿ. ಬ್ಯಾಚ್ ಕೆಡುವವರೆಗೆ ಕಾಯಬೇಡಿ.

ಹರಿಹರ_ಗ್ಯಾಸ್‌ಕಟಿಂಗ್

ಕೆಲಸ ಮುಗಿದ ಮೇಲೆ ಸಿಲಿಂಡರ್‌ನ ಮೇನ್ ವಾಲ್ವ್ ಮುಚ್ಚು. ರೆಗ್ಯುಲೇಟರ್ ಮುಚ್ಚಿದರೆ ಸಾಲದು. ಪೈಪಿನಲ್ಲಿ ಉಳಿದದ್ದನ್ನೂ ಬಿಟ್ಟುಬಿಡು.

ಸೂಳೆಕೆರೆ_ಮೀನು

ನನ್ನ ವಿಷಯವನ್ನೂ ಇಲ್ಲಿ ಬರೆಯಬೇಕು. ಅಕ್ಕ ಡಯಲ್ ಬಗ್ಗೆ ಬರೆದದ್ದು ಓದಿದ ಮೇಲೆ ನನಗೆ ನಿದ್ದೆ ಬರಲಿಲ್ಲ. ನನ್ನ ಏರ್ ಪಂಪ್ ಮೇಲೆ 60 ಲೀಟರ್ ಅಂತ ಬರೆದಿದೆ. ತೊಟ್ಟಿಯಲ್ಲಿ 20 ಕಲ್ಲು. ಕಲ್ಲಿಗೆ 3 ಲೀಟರ್ ಬರುತ್ತಿದೆ ಅಂತ ಎರಡು ವರ್ಷದಿಂದ ನಂಬಿಕೊಂಡಿದ್ದೆ. ಬಾಟಲಿ ವಿಧಾನ ನನಗೆ ಗೊತ್ತಿತ್ತು, ಆದರೆ ಅದನ್ನು ಸ್ವಂತ ತೊಟ್ಟಿಯಲ್ಲಿ ಒಂದು ದಿನವೂ ಮಾಡಿರಲಿಲ್ಲ.

ಕಲ್ಲನ್ನು ಮೇಲೆತ್ತದೆ, ಅದರ ನೇರ ಮೇಲೆ ಬಾಟಲಿಗೆ ಅಗಲ ಬಾಯಿಯ ಲಾಳಿಕೆ ಸಿಕ್ಕಿಸಿ ಬೋರಲು ಹಿಡಿದೆ. ಕಲ್ಲು ಆಳದಲ್ಲೇ ಇದ್ದಾಗಿನ ಹರಿವು ತಿಳಿಯಬೇಕಿತ್ತು. ಪಂಪ್ ಹತ್ತಿರದ ಕಲ್ಲಿನಲ್ಲಿ ಲೀಟರಿಗೆ 14 ಸೆಕೆಂಡ್. ನಡುವಿನದ್ದರಲ್ಲಿ 25. ಪೈಪಿನ ಕೊನೆಯ ನಾಲ್ಕು ಕಲ್ಲುಗಳಲ್ಲಿ ಒಂದು ನಿಮಿಷಕ್ಕೂ ಮೇಲೆ, ಕಟ್ಟಕಡೆಯದ್ದು 1 ನಿಮಿಷ 50 ಸೆಕೆಂಡ್. ಬೆಳಗಿನ ಜಾವ ಮೀನುಗಳು ಮೇಲೆ ಬಂದು ಬಾಯಿ ಬಿಡುತ್ತಿದ್ದದ್ದು ಆ ಮೂಲೆಯಲ್ಲೇ. ಬೆಲ್ಲ ಹಾಕಿದ ಮಾರನೇ ದಿನ ಇನ್ನೂ ಜಾಸ್ತಿ, ಬ್ಯಾಕ್ಟೀರಿಯಾ ಬೆಲ್ಲ ತಿಂದು ಆಕ್ಸಿಜನ್ ಎಳೆದುಕೊಳ್ಳುತ್ತದಲ್ಲ. ನಾನು ಮೇವು ಕಡಿಮೆ ಮಾಡಿದೆ, ನೀರು ಬದಲಿಸಿದೆ, ಔಷಧಿ ಹಾಕಿದೆ. ಗಾಳಿ ಅಳೆಯಲಿಲ್ಲ.

ನಿನ್ನೆ ಪೈಪಿನ ಎರಡು ತುದಿ ಸೇರಿಸಿ ಬಳೆಯ ಹಾಗೆ ಸುತ್ತು ಮಾಡಿದೆ, ಗಾಳಿ ಎರಡೂ ಕಡೆಯಿಂದ ಬರಲಿ ಅಂತ. ಕೊನೆಯ ಕಲ್ಲುಗಳನ್ನು ಆಸಿಡ್ ನೀರಲ್ಲಿ ನೆನೆಸಿ ತೊಳೆದೆ. ಈಗ ಎಲ್ಲಾ 20 ಕಲ್ಲು 19ರಿಂದ 26 ಸೆಕೆಂಡ್ ಒಳಗೆ ಇವೆ. ಇವತ್ತು ಐದು ಗಂಟೆಗೆ ಟಾರ್ಚ್ ಹಿಡಿದು ಹೋಗಿ ನೋಡಿದೆ. ಆ ಮೂಲೆಯಲ್ಲಿ ಒಂದು ಮೀನೂ ಮೇಲೆ ಬಂದಿರಲಿಲ್ಲ.

ವಿದ್ಯಾನಗರ_ಬಯೋಮೆಡಿಕಲ್

ಆ 20 ಅಂಕಿಗಳನ್ನೂ ಇಲ್ಲಿ ಹಾಕು ತಮ್ಮಾ. ಮುಂದಿನ ತಿಂಗಳು ಮತ್ತೆ ಅಳೆದಾಗ ಪಕ್ಕದಲ್ಲಿ ಇಟ್ಟು ನೋಡೋಣ.